ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ವಿಮಾನ ಮತ್ತೆ ಮೇಲೇಳುವುದರ ಬಗ್ಗೆ
ಹಾರಾಟ ಕಲಿಯುತ್ತಿರುವ ನೀವು, ಇಳಿಯುವಾಗ ನಿಮ್ಮ ಸಣ್ಣ ವಿಮಾನ ಸೆಸ್ನಾ 172ಎಸ್ ನೆಲ ಮುಟ್ಟುವ ಮೊದಲೇ ಮತ್ತೆ ಮೇಲೇಳುವುದೇಕೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕಾರಣ, ದೃಷ್ಟಿ ಮೂತಿಯ ಮುಂದಿನ ಡಾಂಬರಿನಲ್ಲೇ ನಿಲ್ಲುವುದು. ಹತ್ತಿರದ ನೆಲ ಎದ್ದು ಬಂದಂತೆ ಕಂಡು ಕೈ ತಾನಾಗಿ ಯೋಕ್ (ಮೂತಿಯನ್ನು ಏರಿಸಿ ಇಳಿಸುವ ಹಿಡಿ) ಎಳೆದುಬಿಡುತ್ತದೆ. ನನಗೂ ಹೀಗೆಯೇ ಆಗುತ್ತಿತ್ತು. ಸುಮಾರು 2,500 ಅಡಿ ಎತ್ತರದ ಸಾಂಬ್ರಾದಲ್ಲಿ, ಗಾಳಿ ಇಲ್ಲದಾಗ, ವೇಗಮಾಪಕ ತೋರಿಸುವುದಕ್ಕಿಂತ ನೆಲದ ಮೇಲಿನ ವೇಗ ಹೆಚ್ಚಿರುವುದೂ ಇದಕ್ಕೆ ಸೇರುತ್ತದೆ.

ಮೊದಲು ಫ್ಲಾಪನ್ನು (ಇಳಿಯುವಾಗ ಕೆಳಗಿಳಿಸುವ ರೆಕ್ಕೆಯ ಹಿಂಬದಿಯ ಭಾಗ) ಪೂರ್ಣ ಇಳಿಸಿ, ವೇಗವನ್ನು ವಿಮಾನದ ಕೈಪಿಡಿ ಹೇಳುವ 60ರಿಂದ 70 ನಾಟ್ (ಗಂಟೆಗೆ ಸುಮಾರು 110ರಿಂದ 130 ಕಿ.ಮೀ.) ಒಳಗೆ ಸ್ಥಿರಗೊಳಿಸಿ. ರನ್‌ವೇ ಅಂಚು ದಾಟಿದೊಡನೆ ದೃಷ್ಟಿಯನ್ನು ಅದರ ದೂರದ ತುದಿಗೆ ಒಯ್ದು, ಪವರ್ ಇಳಿಸುತ್ತ, ವಿಮಾನ ಕುಸಿಯುತ್ತಿದೆ ಎನಿಸಿದಷ್ಟೇ ಯೋಕ್ ಎಳೆಯಿರಿ. ಮೇಲೆದ್ದರೆ ಮೂತಿಯನ್ನು ಒತ್ತಲೇಬೇಡಿ, ಮೂತಿಯ ಕೆಳಗಿನ ಚಕ್ರ ಮೊದಲು ನೆಲಕ್ಕೆ ಬಡಿಯುತ್ತದೆ. ಸ್ವಲ್ಪವೇ ಎದ್ದಿದ್ದರೆ ಹಾಗೆಯೇ ಹಿಡಿದು ಇಳಿಯಲು ಬಿಡಿ, ಹೆಚ್ಚಾದರೆ ಪೂರ್ಣ ಪವರ್ ಕೊಟ್ಟು ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ.

ನೀವು ವೇಗವನ್ನು ಬರೆದಿಲ್ಲವಾದ್ದರಿಂದ, ಅದೇ ಹೆಚ್ಚಿದ್ದು ಹೀಗಾಗುತ್ತಿರಲೂಬಹುದು; ಮುಂದಿನ ಸರ್ಕಿಟ್‌ನಲ್ಲಿ (ರನ್‌ವೇ ಸುತ್ತಿನ ಹಾರಾಟ) ಫೈನಲ್, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತದ ಉದ್ದಕ್ಕೂ ವೇಗವನ್ನು ಗಟ್ಟಿಯಾಗಿ ಓದುವಂತೆ ಬೋಧಕರನ್ನು ಕೇಳಿಕೊಳ್ಳಿ.