ಹೊಸ ಲಿನಕ್ಸ್ ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆಡಿಯೊವನ್ನು ಮೊದಲು ವರ್ಚುವಲ್ ಮಷೀನ್‌ನಲ್ಲಿ ಪರೀಕ್ಷಿಸಿದರೆ ಸಾಕೇ?

ಸಾಲದು. ವರ್ಚುವಲ್ ಮಷೀನ್ ತೋರಿಸುವುದು ಸಾಫ್ಟ್‌ವೇರ್ ಅನುಕರಿಸಿದ ಸೌಂಡ್ ಕಾರ್ಡ್. ನಿಮ್ಮ ಲ್ಯಾಪ್‌ಟಾಪಿನ ಕೋಡೆಕ್ ಚಿಪ್ (ಡಿಜಿಟಲ್ ಸದ್ದನ್ನು ವಿದ್ಯುತ್ ಸಂಕೇತವಾಗಿಸುವುದು), ಅದರ ಹಿಂದಿನ ಆಂಪ್ಲಿಫೈಯರ್, ಯಾವ ಪಿನ್‌ಗೆ ಸ್ಪೀಕರ್, ಯಾವುದಕ್ಕೆ ಹೆಡ್‌ಫೋನ್ ಎಂದು ಬಯೋಸ್ ಬರೆದಿಟ್ಟ ಪಿನ್ ಸೆಟ್ಟಿಂಗ್ ಯಾವುದೂ ಅದರೊಳಗೆ ಇರುವುದಿಲ್ಲ. ಸದ್ದು ಕೆಡುವುದು ಹೆಚ್ಚಾಗಿ ಈ ಭಾಗಗಳಲ್ಲೇ. ಹಳೆಯ ಕರ್ನೆಲ್ಲನ್ನು ಗ್ರಬ್ ಮೆನುವಿನಲ್ಲಿ (ಬೂಟ್ ಆಗುವಾಗ ಕರ್ನೆಲ್ ಆರಿಸುವ ಪಟ್ಟಿ) ಉಳಿಸಿಕೊಂಡು, ಹೊಸದನ್ನು ಅದೇ ಯಂತ್ರದ ಮೇಲೆ ಪರೀಕ್ಷಿಸಿ.

ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಅಪ್‌ಡೇಟ್ ಆದ ಮೇಲೆ ಹೆಡ್‌ಫೋನ್ ಸರಿಯಿತ್ತು, ಸ್ಪೀಕರ್ ಮಾತ್ರ ಸತ್ತಿತ್ತು. ಕೆಡಿಸಿದ ಕಮಿಟ್ (ಕೋಡ್ ಬದಲಾವಣೆ) ಯಾವುದೆಂದು ಹುಡುಕುವ ಗಿಟ್ ಬೈಸೆಕ್ಟ್ ಶುರು ಮಾಡಿದೆ. ಪ್ರತಿ ಸಲ ನಡುವಿನ ಒಂದು ಕರ್ನೆಲ್ ಬಿಲ್ಡ್ ಮಾಡಿ, ಪರೀಕ್ಷಿಸಿ, 'ಗುಡ್' ಅಥವಾ 'ಬ್ಯಾಡ್' ಎಂದು ಗುರುತು ಹಾಕಬೇಕು. ಎರಡು ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಮೀರಿ ಕಮಿಟ್. ಅರ್ಧರ್ಧ ಮಾಡುತ್ತ ಹೋದರೆ 14 ಬಿಲ್ಡ್. ಕೊನೆಗೆ ಅದು ಬೊಟ್ಟು ಮಾಡಿದ್ದು ಸದ್ದಿಗೆ ಸಂಬಂಧವೇ ಇಲ್ಲದ ಒಂದು ನೆಟ್‌ವರ್ಕ್ ಡ್ರೈವರಿನ ಕಮಿಟ್ಟನ್ನು.

ತಪ್ಪಾದದ್ದು ಮೂರನೆಯ ಬಿಲ್ಡ್‌ನಲ್ಲಿ. ಬಿಲ್ಡ್ ಬೇರೆ ಯಂತ್ರದಲ್ಲಿ ನಡೆಯುತ್ತಿದ್ದರಿಂದ ಲ್ಯಾಪ್‌ಟಾಪ್ ಪ್ರತಿ ಸಲ ಆಫ್ ಆಗಿರುತ್ತಿತ್ತು. ಆ ಒಂದು ಸಲ ಮಾತ್ರ ಹಳೆಯ ಕರ್ನೆಲ್‌ನಿಂದ ನೇರವಾಗಿ ರೀಬೂಟ್ ಮಾಡಿದೆ. ರೀಬೂಟ್‌ನಲ್ಲಿ ಅನೇಕ ಯಂತ್ರಗಳಲ್ಲಿ ಕೋಡೆಕ್‌ಗೆ ಕರೆಂಟ್ ಕಡಿಯುವುದೇ ಇಲ್ಲ. ಸ್ಪೀಕರ್ ಆಂಪ್ಲಿಫೈಯರನ್ನು ಎಬ್ಬಿಸಲು ಹಳೆಯ ಕರ್ನೆಲ್ ಬರೆದಿದ್ದ ರಿಜಿಸ್ಟರ್ ಮೌಲ್ಯಗಳು (ಚಿಪ್‌ನೊಳಗಿನ ಸೆಟ್ಟಿಂಗ್‌ಗಳು) ಚಿಪ್‌ನಲ್ಲಿ ಹಾಗೇ ಉಳಿದಿದ್ದವು. ಕೆಟ್ಟ ಕರ್ನೆಲ್ ಆ ಮೌಲ್ಯಗಳನ್ನು ಬರೆಯುತ್ತಿರಲಿಲ್ಲ, ಆದರೆ ಅಳಿಸುತ್ತಲೂ ಇರಲಿಲ್ಲ. ಸ್ಪೀಕರ್ ಸೊಗಸಾಗಿ ನುಡಿಯಿತು, ನಾನು 'ಗುಡ್' ಎಂದು ಗುರುತು ಹಾಕಿದೆ. ಹುಡುಕಾಟ ಪೂರ್ತಿ ಕೆಟ್ಟ ಕಮಿಟ್‌ಗಳೇ ಇರುವ ಭಾಗಕ್ಕೆ ಹೊರಳಿತು. ಉಳಿದ 11 ಬಿಲ್ಡ್‌ಗಳೂ ಒಂದೇ ಸಮನೆ 'ಬ್ಯಾಡ್' ಬಂದವು. ಹೀಗೆ ಒಂದೇ ಉತ್ತರ ಸಾಲುಗಟ್ಟಿ ಬಂದರೆ ಅಲ್ಲೇ ನಿಂತು, ಕೊನೆಯ ಸಲ ಎದುರು ಉತ್ತರ ಕೊಟ್ಟ ಬಿಲ್ಡನ್ನು ಮತ್ತೆ ಪರೀಕ್ಷಿಸಿ. ಗಿಟ್ ಬೈಸೆಕ್ಟ್ ಲಾಗನ್ನು ಫೈಲಿಗೆ ಉಳಿಸಿ, ತಪ್ಪು ಗುರುತಿನಿಂದ ಕೆಳಗಿನದನ್ನೆಲ್ಲ ಅಳಿಸಿ, ಗಿಟ್ ಬೈಸೆಕ್ಟ್ ರಿಪ್ಲೇ ಕೊಟ್ಟರೆ ಅಲ್ಲಿಯವರೆಗಿನ ಕೆಲಸವಾದರೂ ಉಳಿಯುತ್ತದೆ.

ಆದ್ದರಿಂದ ಪ್ರತಿ ಪರೀಕ್ಷೆಗೂ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ವಿಂಡೋಸ್‌ನಿಂದ ರೀಬೂಟ್ ಆಗಿ ಲಿನಕ್ಸ್‌ಗೆ ಬಂದರೂ ಇದೇ ಮೋಸ, ಕೆಲವೊಮ್ಮೆ ತಿರುಗುಮುರುಗಾಗಿ: ಒಳ್ಳೆಯ ಕರ್ನೆಲ್ಲೂ ಕೆಟ್ಟದ್ದರಂತೆ ಕಾಣುತ್ತದೆ.

ಕರ್ನೆಲ್, ಲಿನಕ್ಸ್-ಫರ್ಮ್‌ವೇರ್ (ಚಿಪ್‌ಗಳಿಗೆ ತುಂಬುವ ಫೈಲ್‌ಗಳ ಪ್ಯಾಕೇಜ್), ಪೈಪ್‌ವೈರ್ (ಆ್ಯಪ್‌ಗಳ ಸದ್ದನ್ನು ಕಾರ್ಡ್‌ಗೆ ತಲುಪಿಸುವ ಸಾಫ್ಟ್‌ವೇರ್) ಮೂರನ್ನೂ ಒಂದೇ ದಿನ ಅಪ್‌ಡೇಟ್ ಮಾಡಬೇಡಿ. ಯಾವುದು ಕೆಡಿಸಿತೆಂದು ತಿಳಿಯುವುದಿಲ್ಲ. ಹಳೆಯ ಕರ್ನೆಲ್‌ನಲ್ಲಿ, ಸೌಂಡ್ ಕಾರ್ಡಿನ ವಿವರ ಒಟ್ಟುಮಾಡುವ ಅಲ್ಸಾ-ಇನ್ಫೊ ಸ್ಕ್ರಿಪ್ಟ್ ಓಡಿಸಿ ಫಲಿತಾಂಶ ಉಳಿಸಿಕೊಳ್ಳಿ, ಹೊಸದರಲ್ಲೂ ಓಡಿಸಿ, ಎರಡನ್ನೂ ಡಿಫ್ ಮಾಡಿ (ಹೋಲಿಸಿ). ಮಿಕ್ಸರ್ ಸ್ಥಿತಿ ಇರುವ ಎಸೌಂಡ್.ಸ್ಟೇಟ್ ಫೈಲಿನ ಪ್ರತಿಯನ್ನೂ ತೆಗೆದಿಡಿ. ಕೆಟ್ಟ ಕರ್ನೆಲ್ ಮ್ಯೂಟ್ ಆದ ಸ್ಥಿತಿಯನ್ನು ಶಟ್‌ಡೌನ್‌ನಲ್ಲಿ ಬರೆದಿಟ್ಟರೆ, ಮುಂದಿನ ಬೂಟ್‌ನಲ್ಲಿ ಒಳ್ಳೆಯ ಕರ್ನೆಲ್ಲೂ ಮೌನವಾಗೇ ಏಳುತ್ತದೆ.

ಬ್ರೌಸರ್‌ನಲ್ಲಿ ವಿಡಿಯೊ ಹಾಕಿ ನೋಡುವುದನ್ನು ನಾನು ಪರೀಕ್ಷೆ ಎಂದು ಒಪ್ಪುವುದಿಲ್ಲ. ಪೈಪ್‌ವೈರ್‌ನ ಡಿವೈಸ್‌ಗಳನ್ನು ನಿರ್ವಹಿಸುವ ವೈರ್‌ಪ್ಲಂಬರ್ ನಿಲ್ಲಿಸಿ, ಸ್ಪೀಕರ್-ಟೆಸ್ಟ್ ಕಮಾಂಡ್ ಅನ್ನು ಹಾರ್ಡ್‌ವೇರ್ ಡಿವೈಸ್ ಹೆಸರು ಕೊಟ್ಟು ಎರಡು ಚಾನೆಲ್‌ನಲ್ಲಿ ಓಡಿಸಿ. ಕಾರ್ಡ್ ಸಂಖ್ಯೆ ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು, ಮೊದಲು ಎಪ್ಲೇ ಕಮಾಂಡ್‌ನಿಂದ ಕಾರ್ಡ್‌ಗಳ ಪಟ್ಟಿ ನೋಡಿಕೊಳ್ಳಿ. ಸದ್ದು ಬರುತ್ತಿರುವಾಗಲೇ ಹೆಡ್‌ಫೋನ್ ಜ್ಯಾಕ್ ಚುಚ್ಚಿ, ಕೀಳಿ. ಮೈಕ್‌ನಲ್ಲಿ 10 ಸೆಕೆಂಡ್ ರೆಕಾರ್ಡ್ ಮಾಡಿ. ಸಸ್ಪೆಂಡ್ ಮಾಡಿ ಎಬ್ಬಿಸಿದ ಮೇಲೆ ಇಷ್ಟನ್ನೂ ಮತ್ತೆ ಮಾಡಿ. ಬೂಟ್‌ನಲ್ಲಿ ಸರಿಯಿದ್ದು ಸಸ್ಪೆಂಡ್ ನಂತರ ಕೈಕೊಡುವ ಡ್ರೈವರ್‌ಗಳು ಬೇಕಾದಷ್ಟಿವೆ.

ಡಿಮೆಸೇಜ್‌ನಲ್ಲಿ (ಕರ್ನೆಲ್ ಸಂದೇಶಗಳ ಲಾಗ್) ಸೋಫ್ (ಸೌಂಡ್ ಓಪನ್ ಫರ್ಮ್‌ವೇರ್) ಫರ್ಮ್‌ವೇರ್ ಸಾಲಿನ ಪಕ್ಕ ಎರರ್ -2 ಕಂಡರೆ ಬೈಸೆಕ್ಟ್‌ಗೆ ಕೈಹಾಕಬೇಡಿ. ಫೈಲ್ ಸಿಗಲಿಲ್ಲ ಎಂದು ಅರ್ಥ. ಹೊಸ ಕರ್ನೆಲ್ ಕೇಳುತ್ತಿರುವ ಫರ್ಮ್‌ವೇರ್ ಅಥವಾ ಟೋಪಾಲಜಿ ಫೈಲ್ (ಸದ್ದು ಸಾಗುವ ಹಾದಿಯ ವಿವರ) ನಿಮ್ಮ ಡಿಸ್ಕ್‌ನಲ್ಲಿಲ್ಲ. ಆ ಫೈಲ್ ಇರುವ ಪ್ಯಾಕೇಜ್ ಹಾಕಿ, ಶಟ್‌ಡೌನ್ ಮಾಡಿ, ಮತ್ತೆ ನೋಡಿ.