ಅಂಗಳದ ಗಿಂಕೊ, ಅತ್ತೆಯ ಕಷಾಯ

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಗಿಂಕೊ ಬಿಲೋಬಾ ಗಿಡ ತರಿಸಿದ್ದೇನೆ. ಸಾವಿರ ವರ್ಷ ಬದುಕುತ್ತದೆ, ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಬರೆದಿದ್ದರು. ಅಂಗಳದಲ್ಲಿ ನೆಟ್ಟರೆ ಬರುತ್ತದಾ? ನಮ್ಮ ಅತ್ತೆಗೆ 74 ವರ್ಷ, ಈಗೀಗ ಮರೆವು ಜಾಸ್ತಿ. ಎಲೆ ಕುದಿಸಿ ಕಷಾಯ ಕೊಡಬಹುದಾ? ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ.
– ಒಬ್ಬ ಓದುಗರು, ಉಡುಪಿ

ಉತ್ತರ: ಕಷಾಯದ ವಿಷಯ ಮೊದಲು. ಬೇಡವೇ ಬೇಡ ಮಾರಾಯ್ರೆ. ಆ ಮಾತ್ರೆಯ ಜೊತೆ ಗಿಂಕೊ ಸೇರಿದರೆ ರಕ್ತಸ್ರಾವ ಆಗುವ ಭಯ ಇದೆ. ಅಂಗಡಿಯ ಕ್ಯಾಪ್ಸೂಲ್ ಆದರೂ ಅಷ್ಟೇ, ಡಾಕ್ಟರನ್ನು ಕೇಳದೆ ಕೊಡಬೇಡಿ. ಕ್ಯಾಪ್ಸೂಲಿನಲ್ಲಿ ಇರುವುದು ಎಲೆಯಿಂದ ತೆಗೆದ ಸಾರ. ಒಳ್ಳೆಯ ತಯಾರಿಯಲ್ಲಿ ಎಲೆಯೊಳಗಿನ ಗಿಂಕೋಲಿಕ್ ಆಮ್ಲ ಎಂಬ ಕೆಡುಕಿನ ಅಂಶವನ್ನು ಹತ್ತು ಲಕ್ಷಕ್ಕೆ 5 ಪಾಲಿಗಿಂತ ಕೆಳಗೆ ಇಳಿಸಿರುತ್ತಾರೆ. ನಾವು ಪಾತ್ರೆಯಲ್ಲಿ ಕುದಿಸಿದರೆ ಅದೆಷ್ಟು ಇಳಿಯಿತು ಅಂತ ಲೆಕ್ಕವೇ ಸಿಗುವುದಿಲ್ಲ. ನಮ್ಮ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದಲ್ವಾ, ಈ ಆಮ್ಲವೂ ಅದೇ ಬಳಗದ್ದು.

ಇನ್ನು ನೆನಪಿನ ಶಕ್ತಿ. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ಆರು ವರ್ಷದಷ್ಟು ಕಾಲ ದಿನಕ್ಕೆರಡು ಸಲ, ಅರ್ಧ ಜನಕ್ಕೆ 120 ಮಿಲಿಗ್ರಾಂ ಗಿಂಕೊ ಸಾರ, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಮರೆವಿನ ಕಾಯಿಲೆ ಬರುವುದು ಕಡಿಮೆಯಾಗಲಿಲ್ಲ. ಅತ್ತೆಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.

ಗಿಡಕ್ಕೆ ಬರೋಣ. ಬಂದಿರುವುದು ನಿಜವಾದ ಗಿಂಕೊನಾ ಅಂತ ಮೊದಲು ಒಂದು ಎಲೆ ಹಿಡಿದು ಬೆಳಕಿಗೆ ನೋಡಿ. ಬೀಸಣಿಗೆಯ ಆಕಾರ, ತುಂಬಾ ಸಲ ನಡುವೆ ಒಂದು ಸೀಳು. ನಡುನರ ಇರುವುದಿಲ್ಲ, ತೊಟ್ಟಿನಿಂದ ಹೊರಟ ನರಗಳು ಎರಡಾಗಿ, ಮತ್ತೆ ಎರಡಾಗಿ ಕವಲೊಡೆಯುತ್ತಾ ಅಂಚಿನವರೆಗೆ ಹೋಗುತ್ತವೆ. ಹಾಗಿಲ್ಲದಿದ್ದರೆ ನಿಮಗೆ ಬೇರೇನೋ ಕಳಿಸಿದ್ದಾರೆ.

ಅಂಗಳದಲ್ಲಿ ನೆಡಬೇಡಿ. ಇದು ಚೀನಾದ ಮರ, ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದು ಅದರ ಅಭ್ಯಾಸ. ಡೆಹ್ರಾಡೂನ್, ನೈನಿತಾಲ್ ಕಡೆ ಬರುತ್ತದೆ. ನಮ್ಮಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿ ಆಸುಪಾಸು, ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು! ಮೇಲಿಂದ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. 1945ರಲ್ಲಿ ಹಿರೋಷಿಮಾದ ಬಾಂಬಿಗೆ ಸುಟ್ಟ ಗಿಂಕೊ ಮರಗಳು ಮತ್ತೆ ಚಿಗುರಿದವು, ಮಂಗಳೂರಿನ ನನ್ನ ಮನೆಯ ಗಿಡ ಮಾತ್ರ ಎರಡನೇ ಆಟಿಯ ಮಳೆಗೇ ಬೇರು ಕೊಳೆತು ಹೋಯಿತು. ಚಟ್ಟಿಯಿಂದ ಎಳೆದರೆ ಬೇರು ಕಪ್ಪಾಗಿ ಮೆತ್ತಗೆ ಕೈಗೆ ಬಂತು. ತಪ್ಪು ನನ್ನದೇ, ಚಟ್ಟಿಯನ್ನು ಮಾಡಿನ ನೀರು ಬೀಳುವಲ್ಲೇ ಇಟ್ಟಿದ್ದೆ.

ತರಿಸಿದ್ದಾಗಿದೆ, ಬಿಸಾಡುವುದು ಬೇಡ. ದೊಡ್ಡ ಚಟ್ಟಿಯಲ್ಲಿ ಮಣ್ಣಿಗೆ ಹೊಯಿಗೆ ಜಾಸ್ತಿ ಸೇರಿಸಿ ನೆಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಟೌಟ್‌ನ ಮಾಡಿನಡಿ ಇಡಿ, ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಫೋಟೋಗಳಲ್ಲಿ ಕಾಣುವ, ಉದುರುವ ಮೊದಲು ಎಲೆಗೆ ಬರುವ ಬಂಗಾರದ ಬಣ್ಣದ ಆಸೆ ಬೇಡ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬಂದ ಗಿಡ ಯಾವುದು ಅಂತ ತಿಳಿಯಲು, ಚಳಿ ಇರುವ ಊರಲ್ಲೇ ಇಪ್ಪತ್ತು ವರ್ಷ ಮೇಲೆ ಬೇಕು.

ಪ್ರಶ್ನೆ: ಮಗ ಜಪಾನಿನಿಂದ ತಿನ್ನುವ ಗಿಂಕೊ ಬೀಜದ ಪ್ಯಾಕೆಟ್ ತಂದಿದ್ದಾನೆ. ಗೇರುಬೀಜದ ಹಾಗೆ ಹುರಿದು ತಿನ್ನಬಹುದಾ?
– ಒಬ್ಬ ಓದುಗರು, ಮಂಗಳೂರು

ಉತ್ತರ: ಹುರಿಯಬಹುದು, ಗೇರುಬೀಜದ ಹಾಗೆ ಮುಷ್ಟಿ ಮುಷ್ಟಿ ತಿನ್ನುವ ಹಾಗಿಲ್ಲ. ವಿಟಮಿನ್ ಬಿ6ರ ಕೆಲಸಕ್ಕೆ ಅಡ್ಡ ಬರುವ ವಿಷ ಅದರೊಳಗಿದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಜಾಸ್ತಿ ತಿಂದರೆ ವಾಂತಿ, ಫಿಟ್ಸ್ ಬರಬಹುದು. ಮಕ್ಕಳಿಗೆ ಒಂದೂ ಬೇಡ. ಫಿಟ್ಸ್ ತೊಂದರೆ ಇರುವವರಿಗೂ ಬೇಡ. ಉಳಿದ ದೊಡ್ಡವರು ನಾಲ್ಕೈದು ತಿಂದು, ಡಬ್ಬಿ ಮುಚ್ಚಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ.