ಬರೆಸಿದ್ದು ಯಾರು, ಅಳಿಸಿದ್ದು ಯಾರು?

'ವಾಷಿಂಗ್ಟನ್ನಿನ ರಸ್ತೆ ಬರಹದ ಬಗ್ಗೆ ಎರಡು ಪುಟ ಹಾಕಿದ್ದೀರಿ. ರಸ್ತೆಗೆ ಬಣ್ಣ ಬಳಿದರೆ ಕಪ್ಪು ಜನರಿಗೆ ನ್ಯಾಯ ಸಿಕ್ಕಿಬಿಡುತ್ತಾ? ಐದು ವರ್ಷ ತುಂಬೋದರೊಳಗೆ ಕಿತ್ತೂ ಆಯ್ತು. ಸುಮ್ನೆ ಬಣ್ಣ ದಂಡ' ಎಂದು ನಮ್ಮ ಪತ್ರಿಕೆಯ ಓದುಗರಾದ ನೀವು ಬರೆದಿದ್ದೀರಿ.

ನಿಮ್ಮ ಅರ್ಧ ಮಾತಿಗೆ ನನ್ನ ತಕರಾರಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕುತ್ತಿಗೆ ಮೇಲೆ ಮಂಡಿಯೂರಿ ಕೊಂದ. ಜೂನ್ 5ಕ್ಕೆ ವಾಷಿಂಗ್ಟನ್ನಿನ ಶ್ವೇತಭವನದ ಹತ್ತಿರ, 16ನೇ ಬೀದಿಯ ತುಂಬಾ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಎಂಬ ಹಳದಿ ಅಕ್ಷರ ಎದ್ದವು. ಬರೆಸಿದ್ದು ಆ ನಗರದ ಮೇಯರ್ ಮ್ಯೂರಿಯಲ್ ಬೌಸರ್. ಸರ್ಕಾರಿ ಬಣ್ಣ! ಇದು ಬರೀ ತೋರಿಕೆ ಎಂದು ಮೊದಲು ಹೇಳಿದ್ದು ಅಲ್ಲಿನ ಚಳವಳಿಗಾರರೇ, ನೀವಲ್ಲ.

ಅವರು ಹೇಳಿ ಸುಮ್ಮನಾಗಲಿಲ್ಲ. ಬರಹದ ಕೊನೆಗೆ ನಗರದ ಬಾವುಟ ಬಿಡಿಸಿದ್ದರು: ಎರಡು ಅಡ್ಡಪಟ್ಟಿ, ಮೇಲೆ ಮೂರು ನಕ್ಷತ್ರ. ಚಳವಳಿಗಾರರು ನಕ್ಷತ್ರ ಮರೆಮಾಡಿದರು. ಉಳಿದ ಎರಡು ಪಟ್ಟಿ ಗಣಿತದ 'ಸಮ' ಚಿಹ್ನೆಯಾಯಿತು. ಅದರ ಮುಂದೆ ಅಷ್ಟೇ ದೊಡ್ಡದಾಗಿ, ಪೊಲೀಸರಿಗೆ ಕೊಡುವ ದುಡ್ಡು ನಿಲ್ಲಿಸಿ ಎಂದು ಬರೆದರು. ಮೇಯರ್ ಬರೆಸಿದ ವಾಕ್ಯವನ್ನು ಬೀದಿಯ ಜನ ಪೂರ್ತಿ ಮಾಡಿದ್ದು ಹೀಗೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ.

2025ರಲ್ಲಿ, ಬರಹ ಅಳಿಸದಿದ್ದರೆ ನಗರದ ಸಾರಿಗೆ ಹಣ ತಡೆಯುವ ಮಸೂದೆ ಅಮೆರಿಕದ ಸಂಸತ್ತಿಗೆ ಬಂತು. ಬರೆಸಿದ ಮೇಯರೇ ಮಾರ್ಚ್‌ನಲ್ಲಿ ಕೀಳಿಸಿದರು.

ಇದರ ಪಕ್ಕದಲ್ಲಿ 1967ರ ಶಿಕಾಗೊ ಗೋಡೆಯನ್ನು ಇಟ್ಟು ನೋಡಿ. 43ನೇ ಬೀದಿ, ಲ್ಯಾಂಗ್ಲಿ ರಸ್ತೆ ಸೇರುವ ಮೂಲೆಯ ಹಳೇ ಕಟ್ಟಡ. ಯಾವ ಮೇಯರೂ ಹೇಳಿರಲಿಲ್ಲ. ಕಪ್ಪು ಕಲಾವಿದರು ಸೇರಿ ತಮ್ಮ ವೀರರನ್ನು ಬರೆದರು: ಬಾಕ್ಸರ್ ಮುಹಮ್ಮದ್ ಅಲಿ, ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್, ಹಾಡುಗಾರ್ತಿ ನೀನಾ ಸಿಮೋನ್. ಮಾರ್ಟಿನ್ ಲೂಥರ್ ಕಿಂಗ್ ಇರಲಿಲ್ಲ! (ಕಮಿಟಿ ಮಾಡಿದ್ದರೆ ಅವರನ್ನೇ ನಟ್ಟನಡುವೆ ಕೂರಿಸುತ್ತಿದ್ದರು.) ಹೆಸರು 'ವಾಲ್ ಆಫ್ ರೆಸ್ಪೆಕ್ಟ್', ಗೌರವದ ಗೋಡೆ. 1971ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಕೆಡವಿದರು. ಅದೂ ಐದು ವರ್ಷ ಬಾಳಲಿಲ್ಲ, ನೋಡಿ. ಆದರೆ ಅಷ್ಟರಲ್ಲಿ ಬೇರೆ ಊರುಗಳ ಕಪ್ಪು ಕೇರಿಗಳಲ್ಲೂ ಗೋಡೆಗಳು ಎದ್ದಿದ್ದವು. ಬಾಳಿಕೆ ಲೆಕ್ಕ ಹಾಕೋಕೆ ಇದೇನು ಸುಣ್ಣ ಬಳಿಸುವ ಕೆಲಸವಲ್ಲ, ಅಲ್ವಾ?

ವಾಷಿಂಗ್ಟನ್ನಿನಲ್ಲಿ ಯಂತ್ರಗಳು ರಸ್ತೆ ಒಡೆಯುವಾಗ ಜನ ನಿಂತು ನೋಡಿದರು. ಒಬ್ಬ ಮಹಿಳೆ ಕಿತ್ತ ರಸ್ತೆಯ ತುಂಡೊಂದನ್ನು ಗುಟ್ಟಾಗಿ ಎತ್ತಿಕೊಂಡು ಹೋದರು.